ಬ್ಯಾಂಡ್ ಮಾಸ್ತರರ ಎರಡನೆಯ ಕೋಟು

"ಕೈ ಇಳಿಸಬಹುದಾ ಸಾರ್?" ಎಂದರು ಬ್ಯಾಂಡ್ ಮಾಸ್ತರರು.

"ಇನ್ನೊಂದು ಸ್ವಲ್ಪ ಹೊತ್ತು," ಎಂದೆ ನಾನು, ಅವರ ಕಂಕುಳ ಕೆಳಗಿನಿಂದ.

ಹೊಲಿಗೆ ಅಂಗಡಿಯ ನಟ್ಟನಡುವೆ ಮಾಸ್ತರರು ಎರಡೂ ಕೈ ಮೇಲೆತ್ತಿ ನಿಂತಿದ್ದರು. ಅವರ ಗಾತ್ರದ ಬಗ್ಗೆ ಹೇಳಿದರೆ ನಾನು ಬೊಗಳೆ ಬಿಡುತ್ತಿದ್ದೇನೆ ಅನ್ನುತ್ತೀರಿ. ಅವರು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಟೈಲರ್ ಎದ್ದು ದೀಪ ಹಾಕಿದ. ಅಂಗಡಿ ಅಷ್ಟು ಕತ್ತಲಾಗಿತ್ತು. ಅವರ ನೇರಳೆ ಕೋಟಿನೊಳಗೆ ಒಂದು ಸಂಸಾರ ಆರಾಮಾಗಿ ವಾಸ ಮಾಡಬಹುದು. ನೆಂಟರು ಬಂದರೂ ಇಕ್ಕಟ್ಟಾಗುವುದಿಲ್ಲ.

ಅಂಥದೇ ಇನ್ನೊಂದು ಕೋಟು ಕಟಿಂಗ್ ಮೇಜಿನ ಮೇಲೆ ಬಿದ್ದಿತ್ತು. ಅದೇ ನೇರಳೆ, ಅದೇ ಹಿತ್ತಾಳೆ ಗುಂಡಿ, ತೋಳಿನ ಮೇಲೆ ಅದೇ ಬಂಗಾರದ ಬಣ್ಣದ ಪಟ್ಟಿ. ಬೆಳಿಗ್ಗೆ ಅಂಗಡಿ ಗುಡಿಸುವಾಗ ಟೈಲರನ ಹೆಂಡತಿಗೆ ಚಿಂದಿ ಚೀಲದೊಳಗೆ ಸಿಕ್ಕಿದ್ದು.

"ನಾನು ಹೊಲಿಸಿದ್ದು ಒಂದೇ ಕೋಟು," ಎಂದರು ಮಾಸ್ತರರು. "ಯಾರೋ ನನ್ನ ಹಾಗೆ ವೇಷ ಹಾಕೋಕೆ ಹೊರಟಿದಾರೆ ಅಂತ ನನ್ನ ಅನುಮಾನ."

"ನಿಮ್ಮ ವೇಷ ಹಾಕಬೇಕಾದ್ರೆ ಇಬ್ಬರು ಬೇಕು ಮಾಸ್ತರೇ," ಎಂದ ಟೈಲರ್, ಮಷೀನು ತುಳಿಯುತ್ತಲೇ. "ನಾನು ಹೊಲಿದದ್ದೂ ಒಂದೇ. ಇನ್ನೊಂದು ಹೊಲಿಯೋಕೆ ನನಗೇನು ತಲೆ ಕೆಟ್ಟಿದೆಯಾ."

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಆ ಎರಡೂ ಒಂದೇ ಕೋಟು. ಎರಡಾಗಿದ್ದದ್ದು ಗತಕಾಲ.

ಹಳೆಯ ಗತಕಾಲದಲ್ಲಿ, ಆರು ವರ್ಷದ ಹಿಂದೆ, ಈ ಟೈಲರ್ ಇದೇ ಕೋಟನ್ನು ತಲುಪಿಸಲು ಸ್ಕೂಟರಿನಲ್ಲಿ ಹೊರಟು ಲಾರಿಗೆ ಸಿಕ್ಕಿ ಸತ್ತಿದ್ದ. ಕೋಟು ಮಾಸ್ತರರ ಮೈಮೇಲೆ ಏರಲೇ ಇಲ್ಲ. ಹೊಸ ಗತಕಾಲದಲ್ಲಿ ಅವನು ಸಾಯಲಿಲ್ಲ. ಇಗೋ, ನನ್ನ ಎದುರಿಗೇ ಕೂತು ಪ್ಯಾಂಟಿನ ಅಂಚು ಹೊಲಿಯುತ್ತಿದ್ದಾನೆ. ತಾನು ಒಂದು ಸಲ ಸತ್ತಿದ್ದೆ ಎಂಬ ಸಂಗತಿ ಅವನಿಗೆ ಗೊತ್ತಿಲ್ಲ.

ಇದೆಲ್ಲ ಆದದ್ದು ಮೂಲೆಯಲ್ಲಿರುವ ಹಸಿರು ಪರದೆಯ ಟ್ರಯಲ್ ರೂಮಿನಿಂದ. ಅದರೊಳಗೆ ನಿಂತು, ಮೈಮೇಲಿನ ಬಟ್ಟೆಯ ಹೊಲಿಗೆಯೊಂದನ್ನು ಬಿಚ್ಚಿ ಮುಗಿಸಿದರೆ, ಆ ಹೊಲಿಗೆ ಹಾಕಿದ ದಿನಕ್ಕೆ ಹೋಗಿ ಬೀಳುತ್ತೀರಿ. ಅಲ್ಲೇ ಮತ್ತೆ ಹೊಲಿದುಕೊಂಡರೆ ವಾಪಸು. ಹೋದ ವಾರ ನನ್ನ ಪ್ಯಾಂಟಿನ ಅಂಚು ಬಿಚ್ಚಿ ನಾನೇ ಹೋಗಿ ಬಂದೆ. ಅಲ್ಲಿ ನಾನು ಮಾಡಿದ್ದು ಇಷ್ಟೇ: ಒಂದು ಸಲ ಸೀನಿದೆ. ಬಂದು ನೋಡುತ್ತೇನೆ, ನನ್ನ ಆಫೀಸಿನ ಎದುರಿಗಿದ್ದ ಸಿನಿಮಾ ಟಾಕೀಸು ಕೊಡೆ ಅಂಗಡಿಯಾಗಿದೆ. ಯಾರನ್ನು ಕೇಳಿದರೂ, "ಅದು ಯಾವಾಗಲೂ ಕೊಡೆ ಅಂಗಡಿಯೇ ಅಲ್ಲವಾ," ಎನ್ನುತ್ತಾರೆ. ಒಂದೇ ಸೀನಿಗೆ ಲೋಕವನ್ನು ತಿದ್ದಿದ ಪತ್ತೇದಾರ ಇನ್ನೊಬ್ಬನಿದ್ದರೆ ತೋರಿಸಿ.

ಇನ್ನೊಂದು ಮಾತು. ಬದಲಾವಣೆ ಆಗುವ ಹೊತ್ತಿಗೆ ಪರದೆಯ ಒಳಗಿದ್ದವರಿಗೆ ಮಾತ್ರ ಹಳೆಯದು ನೆನಪಿರುತ್ತದೆ. ಹೊರಗಿದ್ದವರಿಗೆ ಹೊಸದೇ ನಿಜ.

ನನ್ನ ಹತ್ತಿರ ಕೇಸು ತಂದ ಟೈಲರನ ಹೆಂಡತಿ ಆ ಹೊತ್ತಿಗೆ ಪರದೆಯ ಒಳಗಿದ್ದಳು. ಅವಳಿಗಾದ ಅನ್ಯಾಯವೂ ಅದೇ. ಹೋದ ವಾರ ಅವಳು ಮಗಳ ಫ್ರಾಕಿನ ಅಂಚು ಇಳಿಸಲೆಂದು ಅಂಗಡಿಗೆ ಬಂದಾಗ ಟ್ರಯಲ್ ರೂಮಿನ ಪರದೆ ಅಲ್ಲಾಡಿತು. ಎತ್ತಿ ನೋಡಿದರೆ ಒಳಗೆ ಯಾರೂ ಇಲ್ಲ. ಅದೇನು ಎಂದು ಒಳಗೆ ಹೋದಳು, ಹೊರಗೆ ಬಂದಳು. ಅಷ್ಟರಲ್ಲಿ ಸತ್ತ ಗಂಡ ಮಷೀನಿನ ಮುಂದೆ ಕೂತಿದ್ದ. ಮಗಳು ಇರಲಿಲ್ಲ.

ಗಂಡ ಸತ್ತ ಮೇಲೆ ಅವಳು ಅಂಗಡಿಯಲ್ಲೇ ಕೆಲಸ ಮಾಡುವ ಕಾಜಾದವನನ್ನು, ಅಂದರೆ ಗುಂಡಿಮನೆ ಹೊಲಿಯುವವನನ್ನು, ಮದುವೆಯಾಗಿದ್ದಳು. ಮಗು ಅವರಿಬ್ಬರದು. ಗಂಡ ಸಾಯದಿದ್ದ ಮೇಲೆ ಆ ಮದುವೆ ಎಲ್ಲಿಂದ ಬರಬೇಕು, ಮಗು ಎಲ್ಲಿಂದ ಬರಬೇಕು? ಈಗ ಕಾಜಾದವನು ಮೂಲೆಯ ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿಕೊಂಡು ಅವಳನ್ನು 'ಅತ್ತಿಗೆ' ಎನ್ನುತ್ತಾನೆ.

ಮಗುವಿನ ಅಡ್ಡಹೆಸರು ರೀಲು. ಬಾಯಿ ತೆರೆದರೆ ನೂಲಿನ ಉಂಡೆ ಬಿಚ್ಚಿದಂತೆ ಮಾತಂತೆ, ಅದರಲ್ಲಿ ಮುಕ್ಕಾಲು ಪಾಲು ಸುಳ್ಳಂತೆ. ನೋಡದಿದ್ದರೂ ಆ ಮಗುವಿನ ಮೇಲೆ ನನಗೆ ಒಂದು ತರಹದ ಗೌರವ ಹುಟ್ಟಿತು. ಹೆಸರನ್ನು ಅವಳು ನನ್ನ ಆಫೀಸಿನಲ್ಲಿ ಒಮ್ಮೆ ಹೇಳಿ, ಅಂಗಡಿಯಲ್ಲಿ ಮಾತ್ರ ಎತ್ತಬೇಡಿ ಎಂದು ಮಾತು ತೆಗೆದುಕೊಂಡಿದ್ದಳು.

"ಕೈ," ಎಂದರು ಮಾಸ್ತರರು.

"ಇರಲಿ, ಸಾಕ್ಷಿ ಅಲ್ಲಾಡಬಾರದು."

ಮಾಸ್ತರರ ಮೈಮೇಲಿನ ಕೋಟಿನ ಪಕ್ಕದ ಹೊಲಿಗೆ ಗೆರೆ ಎಳೆದ ಹಾಗಿತ್ತು. ಮೇಜಿನ ಮೇಲಿನ ಕೋಟನ್ನು ತಿರುವಿ ಹಾಕಿದೆ. ಎಡಪಕ್ಕದ ಹೊಲಿಗೆಯನ್ನು ಯಾರೋ ಪೂರ್ತಿ ಬಿಚ್ಚಿ ಕೈಯಲ್ಲಿ ಮತ್ತೆ ಹೊಲಿದಿದ್ದರು. ಹೊಲಿಗೆಯೋ, ಹೆಸರಿಗೆ ಮಾತ್ರ. ಕುಡಿದವನು ಮನೆ ಹುಡುಕಿಕೊಂಡು ಹೋದ ಹಾಗೆ ಅತ್ತಲೂ ಇತ್ತಲೂ ಓಲಾಡಿಕೊಂಡು ಕಂಕುಳವರೆಗೆ ಹೋಗಿತ್ತು. ನೇರಳೆ ಬಟ್ಟೆಗೆ ಕಪ್ಪು ನೂಲು. ನಡುನಡುವೆ ಕಡಿದ ನೂಲಿನ ತುದಿಗಳು ಜಗಿದು ಚಪ್ಪಟೆಯಾಗಿದ್ದವು. ಕೊನೆಯ ಗಂಟು ಮಾತ್ರ ಸಾಸಿವೆಯಷ್ಟು ಚಿಕ್ಕದಾಗಿ, ಚೊಕ್ಕವಾಗಿತ್ತು. ದಡ್ಡನಿಗೂ ಒಂದು ಲೆಕ್ಕ ಸರಿ ಬರುತ್ತದಲ್ಲ, ಹಾಗೆ ಎಂದುಕೊಂಡೆ.

ಟೈಲರ್ ಮಷೀನು ನಿಲ್ಲಿಸಿ ಬಂದು ಇಣುಕಿದ. ಅವನ ಮುಖ ಹರಳೆಣ್ಣೆ ಕುಡಿದಂತಾಯಿತು.

"ಸಾರ್, ಇದನ್ನ ನೋಡೋಕಾಗಲ್ಲ ನನಗೆ. ಕೊಡಿ ಇಲ್ಲಿ, ಬಿಚ್ಚಿ ಮಷೀನಲ್ಲಿ ಒಂದು ಓಟ ಹೊಡೆದು ಕೊಡ್ತೀನಿ."

"ಮುಟ್ಟಿದರೆ ನಿಮ್ಮನ್ನೇ ಆರೋಪಿ ಮಾಡಿಬಿಡ್ತೀನಿ."

"ಒಂದೇ ನಿಮಿಷದ ಕೆಲಸ."

"ಬೇಡ ಅಂದೆ."

ಬೆರಳು ಚಡಪಡಿಸುತ್ತ ಅವನು ಮಷೀನಿಗೆ ಹಿಂತಿರುಗಿದ. ಈ ಟೈಲರುಗಳ ಜಾತಿಯೇ ಹಾಗೆ. ದಾರಿಯಲ್ಲಿ ಹೋಗುವವರ ಕಾಲರು ಸೊಟ್ಟಗಿದ್ದರೂ ಅವರಿಗೆ ಅನ್ನ ಇಳಿಯುವುದಿಲ್ಲ. ಈ ಸೊಟ್ಟ ಹೊಲಿಗೆಯನ್ನು ಅವನು ಟ್ರಯಲ್ ರೂಮಿನ ಹೊರಗೆ ಬಿಚ್ಚಿಬಿಟ್ಟರೆ, ಆ ದಿನಕ್ಕೆ ಹೋಗಲು ಇದ್ದ ದಾರಿ ಚಿಂದಿ ಚೀಲದ ಪಾಲು.

ಅವನ ಹೆಂಡತಿ ಕಾಫಿ ತಂದಳು.

"ರೀ, ಕಾಫಿ," ಎಂದಳು ಗಂಡನಿಗೆ.

ಗಂಡ ಕೈಚಾಚಿದ. ಮೂಲೆಯಲ್ಲಿ ಕಾಜಾದವನ ಕೈಯೂ ತಾನಾಗಿ ಮುಂದೆ ಬಂದು, ಅರ್ಧಕ್ಕೆ ನಿಂತು, ಸೂಜಿಗೆ ಹಿಂತಿರುಗಿತು. ಒಂಟಿ ಗಂಡಸು, ಕಾಫಿಯ ಮೇಲೆ ಆಸೆ. ನನ್ನ ಕಣ್ಣಿಗೆ ಬೀಳದ ವಿಷಯವಿಲ್ಲ.

ನಾನು ಅವನ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತೆ. ಅವನ ಮುಂದಿನ ಮೆತ್ತೆಯ ಮೇಲೆ ನೂಲು ಪೋಣಿಸಿದ ಸೂಜಿಗಳು ಸಾಲಾಗಿ ನೆಟ್ಟಿದ್ದವು.

"ಇವೆಲ್ಲ ಯಾರಿಗಪ್ಪಾ?"

"ಅಮ್ಮನಿಗೆ," ಎಂದ, ತಲೆ ಎತ್ತದೆ. ಅಮ್ಮ ಎಂದರೆ ಟೈಲರನ ತಾಯಿ. "ಕಣ್ಣು ಮಂಜು ಅವರಿಗೆ. ಸೂಜಿಗೆ ನೂಲು ಹಾಕೋಕಾಗಲ್ಲ. ಬೆಳಿಗ್ಗೆ ನಾನೇ ಹಾಕಿಟ್ಟಿರ್ತೀನಿ."

"ಎಲ್ಲಾ ಕಪ್ಪೇ?"

"ಯಾವುದು ಹಾಕಿದ್ರೂ ಅವರಿಗೆ ಕಪ್ಪಾಗೇ ಕಾಣ್ಸೋದು ಸಾರ್. ಸುಮ್ನೆ ಬಣ್ಣ ಯಾಕೆ ದಂಡ."

ಮುಗಿಯಿತು. ಸಾಮಾನ್ಯ ಪತ್ತೇದಾರನಿಗೆ ಇದಕ್ಕೆ ಒಂದು ವರ್ಷ ಬೇಕು. ನನಗೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಸಾಕಾಯಿತು. ಟೈಲರನ ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿ ಅಂಗಡಿಯ ಹಿಂದಿನ ಕೋಣೆಗೆ ನಡೆದೆ. ಗೆದ್ದ ಉತ್ಸಾಹ ನೋಡಿ, ಕೋಟು ಮೇಜಿನ ಮೇಲೇ ಉಳಿಯಿತು.

ಹಿಂದಿನ ಕೋಣೆಗೂ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಮುದುಕಿ ಮಂಚದ ಮೇಲೆ ಕೂತು ಮಡಿಲಲ್ಲಿ ಗುಂಡಿಗಳ ರಾಶಿ ಹಾಕಿಕೊಂಡು, ಬೆರಳಿಂದ ತಡವಿ ತಡವಿ ಬೇರೆಬೇರೆ ಡಬ್ಬಿಗಳಿಗೆ ಹಾಕುತ್ತಿದ್ದಳು. ಶರ್ಟಿನ ಡಬ್ಬಿಯಲ್ಲಿ ಆಗಲೇ ಎರಡು ಕೋಟಿನ ಗುಂಡಿ ಬಿದ್ದಿದ್ದವು.

"ಪತ್ತೇದಾರ ಅಲ್ವೇನಪ್ಪಾ? ಆ ಸ್ಟೂಲಿಗೆ ಒಂದು ಕಾಲು ಗಿಡ್ಡ, ನೋಡ್ಕೊಂಡು ಕೂತ್ಕೋ."

ನೋಡಿಕೊಳ್ಳದೆ ಕೂತೆ. ಬೀಳುವುದು ತಪ್ಪಿತು.

"ಅಜ್ಜಿ, ನಿಮ್ಮ ಹೊಲಿಗೆ ಸೊಟ್ಟ."

"ವಯಸ್ಸಾಯ್ತು."

"ನೂಲನ್ನ ಕಚ್ಚಿ ಕಡೀತೀರಿ."

"ಕತ್ತರಿ ಎಲ್ಲಿಟ್ಟೆ ಅಂತ ಹುಡುಕಬೇಕು. ಹಲ್ಲಾದ್ರೆ ಬಾಯಲ್ಲೇ ಇರುತ್ತೆ."

"ಬ್ಯಾಂಡ್ ಮಾಸ್ತರರ ಕೋಟು ಹಾಕ್ಕೊಂಡು ಎಲ್ಲಿಗೆ ಹೋಗಿದ್ರಿ?"

ಗುಂಡಿಗಳ ಸದ್ದು ನಿಂತಿತು. ಬಾಗಿಲಿಗೆ ಒರಗಿದ್ದ ಸೊಸೆ ನೆಟ್ಟಗೆ ನಿಂತಳು.

"ನನ್ನ ಮಗನ ಹತ್ರ," ಎಂದಳು ಮುದುಕಿ. ಸುಳ್ಳು ಹೇಳುವ ಗೋಜಿಗೇ ಹೋಗಲಿಲ್ಲ. "ಆಕ್ಸಿಡೆಂಟ್ ಆದಾಗ ಅವನ ಮೈಮೇಲಿದ್ದ ಬಟ್ಟೆ ಯಾವುದೂ ನೋಡೋ ಹಾಗಿರಲಿಲ್ಲ. ಈ ಕೋಟೊಂದು ಕಾಗದದಲ್ಲಿ ಸುತ್ತಿಟ್ಟಿದ್ದು ಹಾಗೇ ಬಂತು. ಪೆಟ್ಟಿಗೆಯಲ್ಲಿ ಇಟ್ಕೊಂಡಿದ್ದೆ. ಅವನು ಸತ್ತ ದಿನ ಬೆಳಿಗ್ಗೆ ಹೊಲಿದು ಮುಗಿಸಿದ್ದು."

"ಅಲ್ಲಿ ಹೋಗಿ ಏನು ಮಾಡಿದ್ರಿ?"

"ಸ್ಕೂಟರಿನ ಗಾಲಿಗೆ ದಬ್ಬಳ ಚುಚ್ಚಿದ್ದು. ಅಷ್ಟೇ. ಪಂಕ್ಚರ್ ಹಾಕಿಸೋಕೆ ಹೊತ್ತಾಯ್ತು, ಲಾರಿ ಅದರ ಪಾಡಿಗೆ ಹೋಯ್ತು, ಮಾಸ್ತರು ತಾವೇ ಬಂದು ಕೋಟು ತಗೊಂಡು ಹೋದ್ರು." ಇನ್ನೊಂದು ಗುಂಡಿಯನ್ನು ಡಬ್ಬಿಗೆ ಹಾಕಿ ಹೇಳಿದಳು: "ಈ ಕೋಣೇಲಿ ಆಗ ನಾನೇ ಮಲಗಿದ್ದೆ. ಅಷ್ಟು ಜೋರಾಗಿ ಗೊರಕೆ ಹೊಡೀತೀನಿ ಅಂತ ಗೊತ್ತಿರಲಿಲ್ಲ ನನಗೆ."

"ಒಬ್ಬರೇ ಹೋಗಿದ್ರಾ?"

ಅವಳ ಬೆರಳು ಒಂದು ಗುಂಡಿಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. "ಈ ಮುದುಕಿ ಜೊತೆ ಇನ್ಯಾರು ಬರ್ತಾರಪ್ಪಾ."

ಹಲಗೆಯಾಚೆ ಮಷೀನಿನ ಸದ್ದು ನಿಂತುಹೋಯಿತು. ಆಶ್ಚರ್ಯವಿಲ್ಲ. ನಾನು ಪ್ರಶ್ನೆ ಕೇಳುವ ಗತ್ತಿಗೆ ಯಂತ್ರಗಳೂ ಒಮ್ಮೊಮ್ಮೆ ಹೀಗೆ ಸ್ತಬ್ಧವಾಗುವುದುಂಟು.

"ಅತ್ತೆ," ಎಂದಳು ಸೊಸೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಮಗು ಇಲ್ಲದ ಹಾಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂದ್ರೆ ರಾಕ್ಷಸಿ ಅಂತೀಯ. ಗೊತ್ತಿರಲಿಲ್ಲ ಅಂದ್ರೆ ದಡ್ಡಿ ಅಂತೀಯ. ಯಾವುದು ಬೇಕೋ ಅದನ್ನ ಅಂದ್ಕೋ."

"ನಾನು ಕೇಳ್ತಿರೋದಕ್ಕೆ ಹೇಳಿ."

"ಆ ಮಗು ನನ್ನ ಮಗ್ಗುಲಲ್ಲೇ ಮಲಗ್ತಿತ್ತಲ್ಲೇ." ಮುದುಕಿ ಮಡಿಲಿನ ಗುಂಡಿಗಳನ್ನು ಸುಮ್ಮನೆ ಕಲಕಿದಳು. "ಇದು ಕೋಟಿಂದು, ಇದು ಶರ್ಟಿಂದು ಅಂತ ಅದೇ ಹೇಳ್ತಿದ್ದದ್ದು. ನನ್ನ ಕಣ್ಣು ಅದು. ಈಗ ನೋಡು, ಎಲ್ಲಾ ಕಲಸುಮೇಲೋಗರ."

"ಮತ್ತೆ ಕೋಟನ್ನ ಸುಟ್ಟು ಹಾಕೋದು ಬಿಟ್ಟು ಚಿಂದಿ ಚೀಲಕ್ಕೆ ಯಾಕೆ ಹಾಕಿದ್ರಿ?" ಎಂದೆ ನಾನು.

"ಕೈ ಬರಲಿಲ್ಲ. ನೀನೇ ಹೇಳಪ್ಪಾ, ಸುಟ್ಟರೆ ಮಗು ಹೋಯ್ತು. ಕೊಟ್ಟರೆ ಮಗ ಹೋದ."

ಸೊಸೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫ್ರಾಕನ್ನು ತೆಗೆದು ಮುದುಕಿಯ ಕೈಗಿಟ್ಟಳು. ಹಳದಿ ಫ್ರಾಕು. ಬೆಳೆಯುವ ಮಕ್ಕಳ ಬಟ್ಟೆಗೆ ಅಂಚಿನಲ್ಲಿ ಬಟ್ಟೆ ಮಡಿಚಿಟ್ಟಿರುತ್ತಾರೆ, ಮಗು ಉದ್ದವಾದ ಹಾಗೆಲ್ಲ ಮಡಿಕೆ ಬಿಚ್ಚಿ ಇಳಿಸುತ್ತಾರೆ. ಈ ಫ್ರಾಕಿನಲ್ಲಿ ಹಳೆಯ ಮಡಿಕೆಗಳ ಗೆರೆ ಒಂದರ ಕೆಳಗೊಂದು ಉಳಿದಿದ್ದವು. ಹುಟ್ಟಿಯೇ ಇರದ ಮಗು ಎಷ್ಟೆಷ್ಟು ಬೆಳೆದಿತ್ತು ಎಂದು ಮುದುಕಿಯ ಬೆರಳು ಆ ಗೆರೆಗಳ ಮೇಲೆ ಓದಿಕೊಂಡಿತು.

"ಅವರು ಸಾಯಲಿ ಅಂತ ನಾನು ಕೇಳ್ತಿಲ್ಲ ಅತ್ತೆ," ಎಂದಳು ಸೊಸೆ. "ಅವರು ಬದುಕಿ ಬಂದಾಗ ನಾನೂ ಅತ್ತಿದೀನಿ. ನನಗೆ ಅವರೂ ಇರಬೇಕು, ಮಗೂನೂ ಬೇಕು. ದುರಾಸೆ ಅನ್ನಿ ಬೇಕಾದ್ರೆ."

"ಏನೂ ದುರಾಸೆಯಲ್ಲ," ಎಂದೆ ನಾನು ಎದ್ದು ನಿಂತು. "ಇಂಥ ಕೇಸುಗಳನ್ನ ನಾನು ಸೀನು ಬರದ ಹಾಗೆ ಮೂಗು ಹಿಡಿದುಕೊಂಡೇ ಬಗೆಹರಿಸ್ತೀನಿ. ಆ ಕೋಟು ಹಾಕ್ಕೊಂಡು ನಾನೇ ಹೋಗ್ತೀನಿ. ಗಾಲಿ ಪಂಕ್ಚರ್ ಆಗಿಯೇ ಇರಲಿ, ಟೈಲರ್ ಬದುಕಿಯೇ ಇರಲಿ, ಆಮೇಲೆ ಮಗು..."

ಆಮೇಲೆ ಮಗು ಹೇಗೆ ಎಂಬುದು ಹೊಳೆಯಲಿಲ್ಲ. ಹೊಳೆದದ್ದು ಇನ್ನೊಂದು: ಕೋಟು ಮೇಜಿನ ಮೇಲಿದೆ, ಟೈಲರ್ ಅದರ ಪಕ್ಕದಲ್ಲಿದ್ದಾನೆ, ಮಷೀನಿನ ಸದ್ದು ಆಗಿನಿಂದ ಇಲ್ಲ.

ಸೊಸೆ ಫ್ರಾಕನ್ನು ಎತ್ತಿಕೊಂಡಳು. ಇಬ್ಬರೂ ಅಂಗಡಿಗೆ ಧಾವಿಸಿದೆವು.

ಮಷೀನಿನ ಸೂಜಿಯ ಕೆಳಗೆ ಪ್ಯಾಂಟಿನ ಅಂಚು ಅರ್ಧಕ್ಕೆ ನಿಂತಿತ್ತು. ಮೇಜು ಖಾಲಿ. ಬ್ಯಾಂಡ್ ಮಾಸ್ತರರು ಎರಡೂ ಕೈ ಮೇಲೆತ್ತಿಕೊಂಡು ನಾನು ಬಿಟ್ಟುಹೋದಲ್ಲೇ ನಿಂತಿದ್ದರು.

"ಟೈಲರ್ ಎಲ್ಲಿ?"

"ಆ ಹಲಗೆಗೆ ಕಿವಿ ಕೊಟ್ಟುಕೊಂಡು ನಿಂತಿದ್ರು ಸಾರ್, ಸುಮಾರು ಹೊತ್ತು. ಆಮೇಲೆ ಬ್ಲೇಡು ಕೇಳಿದ್ರು, ಇವರು ಕೊಟ್ರು." ಗಲ್ಲದಿಂದ ಕಾಜಾದವನನ್ನು ತೋರಿಸಿದರು. "ಮೇಜಿನ ಮೇಲಿದ್ದ ಕೋಟು ಹಾಕ್ಕೊಂಡು ಒಳಗೆ ಹೋದ್ರು. ಕೈ ಇಳಿಸಬಹುದಾ?"

ಹಸಿರು ಪರದೆ ಎಳೆದಿತ್ತು. ಅದರ ಕೆಳಗೆ ಟೈಲರನ ಕಾಲು, ಚಪ್ಪಲಿ ಕಾಣುತ್ತಿದ್ದವು. ಒಳಗಿನಿಂದ ನೂಲು ಕಡಿಯುವ ಸಣ್ಣ ಸದ್ದು ಬರುತ್ತಿತ್ತು. ನಾವು ಬಂದದ್ದು ಗೊತ್ತಾಗಿ ನಿಂತಿತು.

"ನೀನು ಬಂದ್ಯಾ?" ಎಂದ ಟೈಲರ್ ಒಳಗಿನಿಂದ.

"ಹೂಂ," ಎಂದಳು ಹೆಂಡತಿ.

"ಅಮ್ಮ ಎಂಥಾ ಹೊಲಿಗೆ ಹಾಕಿದಾಳೆ ನೋಡು. ಬಿಚ್ಚೋಕೂ ಬರಲ್ಲ, ಹಾಗೇ ಬಿಡೋಕೂ ಆಗಲ್ಲ." ಅವನ ದನಿ ದಿನನಿತ್ಯದಂತೆಯೇ ಇತ್ತು, ಗಿರಾಕಿಗೆ ಸಂಜೆ ಬನ್ನಿ ಎನ್ನುವಾಗಿನ ದನಿ. "ಎಲ್ಲಾ ಬಿಚ್ಚಿದೆ. ಕೊನೇದೊಂದು ಉಳಿದಿದೆ."

"ರೀ, ಹೊರಗೆ ಬನ್ನಿ. ಮಾತಾಡೋಣ."

"ಬರ್ತೀನಿ ಇರು. ಆ ಮಗೂನ ಏನಂತ ಕರೀತಿದ್ದೆ?"

ಅವಳ ತುಟಿ ಅಲ್ಲಾಡಿತು. ಫ್ರಾಕನ್ನು ಎದೆಗೆ ಒತ್ತಿಕೊಂಡಳು.

"ರೀಲು," ಎಂದ ಕಾಜಾದವನು.

ಅವನು ಸ್ಟೂಲಿನಿಂದ ಎದ್ದಿರಲಿಲ್ಲ. ಕೈಯಲ್ಲಿದ್ದ ಗುಂಡಿಮನೆಯನ್ನೇ ನೋಡುತ್ತಿದ್ದ. ಅಂಗಡಿಯಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ. ಮುದುಕಿಯೂ 'ಆ ಮಗು' ಎಂದಿದ್ದಳೇ ಹೊರತು ಹೆಸರು ಹಿಡಿದು ಹೇಳಿರಲಿಲ್ಲ. ನನ್ನ ಕಣ್ಣು ಅವನ ಮಡಿಲಿನ ಶರ್ಟಿನ ಮೇಲೆ ಬಿತ್ತು. ಒಂದೊಂದು ಗುಂಡಿಮನೆಯ ತುದಿಗೂ ಸಾಸಿವೆಯಷ್ಟು ಚಿಕ್ಕದಾದ, ಚೊಕ್ಕವಾದ ಗಂಟು.

ಒಂದು ಸಂಸಾರವೇ ಹಿಡಿಸುವ ಕೋಟು, ಇಬ್ಬರು ಯಾವ ಲೆಕ್ಕ. ನಾನೇ ಹೇಳಿದ್ದೆ, ನಾನೇ ಕೇಳಿಸಿಕೊಂಡಿರಲಿಲ್ಲ.

"ನೀವು ಅತ್ತೆ ಜೊತೆ ಹೋಗಿದ್ರಾ?" ಎಂದಳು ಅವಳು ಅವನತ್ತ ತಿರುಗಿ. "ನಿಮಗೆ ಎಲ್ಲಾ ನೆನಪಿದೆ. ಇಷ್ಟು ದಿನ ಅತ್ತಿಗೆ ಅತ್ತಿಗೆ ಅಂತ..."

"ಅಮ್ಮನಿಗೆ ಗಾಲಿ ಎಲ್ಲಿದೆ ಅಂತ ಕಾಣ್ಸಲ್ಲ. ದಬ್ಬಳ ಚುಚ್ಚಿದ್ದು ನಾನು," ಎಂದ ಕಾಜಾದವನು. "ಅವತ್ತು ಕೋಟು ತಲುಪಿಸಬೇಕಾಗಿದ್ದವನು ನಾನು. ಬಿಸಿಲು ಜಾಸ್ತಿ ಅಂತ ಸೋಮಾರಿತನ ಮಾಡಿದೆ. ಅಣ್ಣ ನನ್ನ ಬದಲು ಹೋದರು. ಮಗು ಆಡ್ತಿದ್ರೆ ನನಗೆ ಅದೇ ನೆನಪು. ಅಣ್ಣಾ, ಆ ಕೊನೇ ಹೊಲಿಗೆ ಬಿಚ್ಚಬೇಡಿ. ಅದನ್ನ ಹಾಕಿ ಗಂಟು ಹೊಡೆದವನು ನಾನು, ಬಿಚ್ಚಿದರೆ ನಾನೇ ಬಿಚ್ಚಬೇಕು."

ಹಸಿರು ಪರದೆ ಒಮ್ಮೆ ಅಲ್ಲಾಡಿತು.

"ರೀ," ಎಂದಳು ಅವಳು. ಯಾರನ್ನು ಕರೆದಳೋ. ಕಾಜಾದವನು ತಲೆಯೆತ್ತಿದ.

ನಾನು ಪರದೆಯ ಕೆಳಗೆ ನೋಡಿದೆ. ಚಪ್ಪಲಿ ಎರಡೂ ಅಲ್ಲೇ ಇದ್ದವು. ಅವುಗಳೊಳಗೆ ಕಾಲು ಇರಲಿಲ್ಲ.

ಕಾಜಾದವನ ಮಾತು ಕೇಳಿ ಹೋದನೋ, ಕೇಳುವ ಮೊದಲೇ ಹೋದನೋ. ಅದನ್ನು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ. ಅವನು ಅಲ್ಲಿ ಏನನ್ನಾದರೂ ಬದಲಿಸಿದ ಮರುಗಳಿಗೆ, ಪರದೆಯ ಹೊರಗಿರುವ ನಮಗೆ ಯಾರಿಗೂ ಏನೂ ನೆನಪಿರುವುದಿಲ್ಲ. ಇದು ನನಗಿಂತ ಕೂದಲೆಳೆಯಷ್ಟು ಮೊದಲು ಹೊಳೆದದ್ದು ಅವಳಿಗೆ. ಒಂದು ಕೈಯಲ್ಲಿ ಫ್ರಾಕು, ಇನ್ನೊಂದರಲ್ಲಿ ಕಾಜಾದವನ ತೋಳು ಹಿಡಿದೆಳೆದುಕೊಂಡು ಒಳಗೆ ನುಗ್ಗಿದಳು. ಅವರ ಹಿಂದೆಯೇ ನಾನು ತೂರಿಕೊಂಡೆ. ಮಾಸ್ತರರೂ ಬರಲು ನೋಡಿದರು. ಅವರ ಹೊಟ್ಟೆಗೆ ಆ ಬಾಗಿಲು ಒಪ್ಪಲಿಲ್ಲ.

ಪರದೆ ಬಿತ್ತು. ಒಳಗೆ ಮೂವರು, ನಮ್ಮ ಕಾಲ ಬುಡದಲ್ಲಿ ಬರಿದಾದ ಚಪ್ಪಲಿ, ನೆಲದ ಮೇಲೆ ಕಪ್ಪು ನೂಲಿನ ಚೂರು. ಹೊರಗೆ ಒಂದು ಕ್ಷಣ ಎಲ್ಲ ಸದ್ದೂ ಅಡಗಿ, ಮತ್ತೆ ಬಂತು.

ಹಿಂದಿನ ಕೋಣೆಯಿಂದ ಮೊದಲು ಬಂದದ್ದು ಗುಂಡಿಗಳ ಸದ್ದು. ಆಮೇಲೆ ಒಂದು ಸಣ್ಣ ದನಿ, ಉಸಿರು ತೆಗೆದುಕೊಳ್ಳದೆ:

"ಇದು ಕೋಟಿಂದು ಅಜ್ಜಿ, ಇದು ಶರ್ಟಿಂದು, ಇದು ಆನೆ ಚಡ್ಡೀದು, ನಾನು ನೋಡಿದೀನಿ ಆನೆ ಚಡ್ಡಿ ಹಾಕಿದ್ದು, ಅಯ್ಯೋ ನೀನು ತಪ್ಪು ಡಬ್ಬೀಲಿ ಹಾಕ್ತಿದೀಯ."

ಅವಳು ಬಾಯಿಗೆ ಫ್ರಾಕು ಒತ್ತಿಕೊಂಡಳು. ಕಾಜಾದವನು ಗೋಡೆಗೆ ಒರಗಿದ. ಮಗು ಬಂತು ಎಂದರೆ ಟೈಲರ್ ಹೋದ ಎಂದು ಅರ್ಥ. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ನನಗೂ ಇರಲಿಲ್ಲ, ನನ್ನಂಥವನಿಗೂ.

ಅಷ್ಟರಲ್ಲಿ ಪರದೆಯ ಆಚೆ ಹೊಲಿಗೆ ಮಷೀನು ಓಡತೊಡಗಿತು. ಗೆರೆ ಎಳೆದಂತೆ, ಎಲ್ಲೂ ತಡವರಿಸದೆ.

ಟೈಲರ್ ಇಲ್ಲದಿದ್ದರೆ ಆ ಮಷೀನು ತುಳಿಯಬೇಕಾದ ಕಾಜಾದವನು ನಮ್ಮ ಜೊತೆ ಒಳಗಿದ್ದ. ಅವಳು ಪರದೆಯ ಅಂಚು ಹಿಡಿದು ನನ್ನ ಮುಖ ನೋಡಿದಳು.

"ತುಳೀತಿರೋದು ಯಾರು?" ಎಂದಳು.